ಕಕುದ್ಗಿರಿಯ ಲೋಕನಿರ್ಮಾಣ

ಎಲ್ಲಿಯೂ ಇಲ್ಲದ ಜನಾಂಗಗಳನ್ನೂ ಅವರು ಪೂಜಿಸುವ ದೇವತೆಗಳನ್ನೂ ಸ್ವಕಲ್ಪನೆಯಿಂದಲೇ ಸೃಷ್ಟಿಸಿ ಅದ್ಭುತಕಥೆಯೊಂದನ್ನು ಬರೆಯಬೇಕೆಂದು ಹೊರಟ ತರುಣರು, ಲೇಖನಿಯನ್ನು ಹಿಡಿಯುವ ಮುನ್ನ ಒಮ್ಮೆ ದಾಬಸ್‌ಪೇಟೆಯಲ್ಲಿ ಇಳಿದು ಶಿವಗಂಗೆಯ ಬೆಟ್ಟವನ್ನು ಹತ್ತಿ ಬರಬೇಕೆಂಬುದು ನನ್ನ ಬಹುದಿನದ ಅಪೇಕ್ಷೆ. ಬ್ರಿಟಿಷರ ಕಾಲದ ಡಾಬ್ಸ್ ಎಂಬ ಅಧಿಕಾರಿಯ ಹೆಸರನ್ನು ನಾಲಗೆಗೆ ಒಗ್ಗಿಸಿಕೊಂಡು ತಮ್ಮ ಪೇಟೆಗೆ ಇಟ್ಟುಕೊಂಡ ಈ ಸೀಮೆಯ ಜನ, ಅದಕ್ಕೂ ಎಷ್ಟೋ ಶತಮಾನಗಳ ಹಿಂದೆಯೇ ಪಕ್ಕದ ಬಂಡೆಗುಡ್ಡದ ಮೇಲೆ ಒಂದು ಲೋಕವನ್ನೇ ನಿರ್ಮಿಸಿದ್ದರು.

ಪುರಾಣದಲ್ಲಿ ಅದರ ಹೆಸರು ಕಕುದ್ಗಿರಿ. ಕಕುದ್ ಎಂದರೆ ಎತ್ತಿನ ಹಿಣಿಲು. ಪೂರ್ವದಿಂದ ನೋಡಿದವರಿಗೆ ಅದು ನಂದಿ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಸರ್ಪ. ತುದಿಯವರೆಗಿನ ಮೆಟ್ಟಿಲುಗಳು ಇಲ್ಲಿಂದ ಕಾಶಿಗೆ ಎಷ್ಟು ಯೋಜನಗಳೋ ಅಷ್ಟು ಎಂದು ಎಣಿಸಿ, ಕಾಶಿಗೆ ಹೋಗಲಾರದ ಬಡವನಿಗೂ ಒಂದು ಹಗಲಿನಲ್ಲಿ ಆ ಯಾತ್ರೆಯ ಫಲವನ್ನು ದೊರಕಿಸಿಕೊಟ್ಟವನು ಎಂಥ ಕವಿಹೃದಯದವನಾಗಿದ್ದಿರಬೇಕು! ದಾರಿಯಲ್ಲಿ ಒಳಕಲ್ಲು ತೀರ್ಥವೆಂಬ ಕಿರುಗುಂಡಿಯಿದೆ. ಭಕ್ತನು ಮಂಡಿಯೂರಿ, ಕೆನ್ನೆಯನ್ನು ತಣ್ಣನೆಯ ಕಲ್ಲಿಗೆ ಒತ್ತಿ, ಕಂಕುಳವರೆಗೂ ತೋಳನ್ನು ಇಳಿಬಿಟ್ಟು ಬೆರಳುಗಳಿಂದ ಕತ್ತಲಲ್ಲಿ ತಡಕುವನು. ನೀರು ತಗುಲಿದರೆ ಪುಣ್ಯವಂತನೆಂದು ಎಣಿಕೆ. ಪಾಪಪುಣ್ಯಗಳ ವಿಚಾರವನ್ನೆಲ್ಲ ಒಂದು ಅಂಗೈಗೆ ತಂದಿಟ್ಟ ಈ ಸೃಷ್ಟಿಗೆ ಸಮನಾದುದನ್ನು ನಾನು ಯಾವ ಕಥೆಯಲ್ಲಿಯೂ ಓದಿಲ್ಲ.

ನಮ್ಮ ಕವಿಗಳಿಗೂ ಲೋಕನಿರ್ಮಾಣವು ಹೊಸದಲ್ಲ. ಕ್ರಿ.ಶ. 941ರಲ್ಲಿ ಆದಿಪುರಾಣವನ್ನು ಮುಗಿಸಿದ ಪಂಪನು ಹೇಳುವ ಕಥೆಯಲ್ಲಿ, ಬೇಡಿದುದನ್ನೆಲ್ಲ ಕೊಡುತ್ತಿದ್ದ ಕಲ್ಪವೃಕ್ಷಗಳು ಕ್ಷೀಣಿಸಿ ಭೋಗಭೂಮಿಯು ಕಳೆದ ಮೇಲೆ, ವೃಷಭನಾಥನು ಹಸಿದ ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಜೀವನೋಪಾಯಗಳನ್ನು ಕಲಿಸುವನು. 1954–55ರಲ್ಲಿ ಪ್ರಕಟವಾದ ಮಹಾಕಥೆಯನ್ನು ಬರೆದ ಇಂಗ್ಲಿಷ್ ಲೇಖಕ ಟೋಲ್ಕಿನ್ನನಾದರೋ ಭಾಷೆಗಳನ್ನು ಮೊದಲು ಕಟ್ಟಿ, ಅವನ್ನಾಡುವ ಜನರನ್ನು ಆಮೇಲೆ ಕಂಡನು. ನನಗೆ ಪಂಪನ ದಾರಿಯೇ ಹೆಚ್ಚು ಹಿತ. ಹಸಿವಿನಿಂದ ಮೊದಲಾದ ಜನಾಂಗವನ್ನು ಓದುಗನು ಬೇಗ ನಂಬುತ್ತಾನೆ.

ಆದರೆ ಹೊಸ ಲೋಕವನ್ನು ಕಟ್ಟುವವರು ಸಾಮಾನ್ಯವಾಗಿ ಒಂದು ಜನಕ್ಕೆ ಒಂದೇ ದೇವರೆಂದು ಹಂಚಿಬಿಡುವುದನ್ನು ಕಂಡಾಗಲೆಲ್ಲ ನನಗೆ ಶಾಂತಲೆಯ ನೆನಪಾಗುತ್ತದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿಯಾದ ಆಕೆಯ ತಂದೆ ಮಾರಸಿಂಗಯ್ಯನು ಶೈವ, ತಾಯಿ ಮಾಚಿಕಬ್ಬೆ ಜೈನೆ. ಪತಿಯೋ 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಿಸಿದವನು. ಜಿನಭಕ್ತೆಯಾದ ರಾಣಿಯು ಅದೇ ಬೇಲೂರಿನಲ್ಲಿ ಚನ್ನಿಗರಾಯನ ಗುಡಿಯನ್ನು ಕಟ್ಟಿಸಿದಳು, ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನೂ ಎತ್ತಿಸಿದಳು, ಕೊನೆಗೆ 1131ರಲ್ಲಿ ಶಿವನ ಈ ಬೆಟ್ಟದ ಸನ್ನಿಧಿಯಲ್ಲಿ ದೇಹವನ್ನು ಬಿಟ್ಟಳು. ಮಗಳ ಅಗಲಿಕೆಯನ್ನು ಸಹಿಸಲಾರದೆ ಮಾಚಿಕಬ್ಬೆಯು ಬೆಳಗೊಳಕ್ಕೆ ಹೋಗಿ, ಆಹಾರವನ್ನು ತ್ಯಜಿಸುವ ಸನ್ಯಸನ ವಿಧಿಯಿಂದ ಪ್ರಾಣವನ್ನು ನೀಗಿದಳು. ಒಂದು ಮನೆ, ಒಂದು ಅಡುಗೆಯ ಒಲೆ, ಮೂರು ಮತಗಳು. ಅತ್ತಾಗ ಮಾತ್ರ ಎಲ್ಲರ ಕಣ್ಣೀರೂ ಒಂದೇ. ಶಾಂತಲೆಯು ಶಿವಗಂಗೆಯಲ್ಲಿ ಗತಿಸಿದಳೆಂಬುದು ಶಾಸನದ ಮಾತು. ಬೆಟ್ಟದ ತುದಿಯಿಂದ ಕೆಳಕ್ಕೆ ಬಿದ್ದಳೆಂಬುದು ಜನರ ನಾಲಗೆ ಕಟ್ಟಿಕೊಂಡ ಕಥೆ. ಆ ಕಥೆಯನ್ನು ಹೇಳುವವರು ಇಂದಿಗೂ ಶಿಖರದ ಅಂಚಿನತ್ತ ಕೈ ತೋರಿಸಿ ಕ್ಷಣಕಾಲ ಸುಮ್ಮನಾಗುತ್ತಾರೆ. ಪುರಾಣವೊಂದು ಹುಟ್ಟುವುದು ಆ ಮೌನದಲ್ಲಿಯೇ ಎಂದು ನನಗೆ ಅನಿಸಿದೆ.

ಮಕರ ಸಂಕ್ರಾಂತಿಯಂದು ಈ ಬೆಟ್ಟದ ದೇವತೆಗಳಾದ ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಇಲ್ಲಿ ಕಲ್ಯಾಣ. ಶಿಖರದ ತೀರ್ಥಕಂಬದ ಬುಡದಲ್ಲಿ ಆ ದಿನ ಉದ್ಭವಿಸುವ ಗಂಗೆಯನ್ನು ಭಕ್ತಿಯಿಂದ ಕೆಳಕ್ಕೆ ತಂದು ಧಾರೆಯೆರೆಯುವರು. ಅಂದು ಮಾತ್ರವಲ್ಲ, ಯಾವ ದಿನ ಹೋದರೂ ಗುಹಾಲಯದ ಲಿಂಗದ ಮೇಲೆ ಅರ್ಚಕರು ಉಜ್ಜಿದ ತುಪ್ಪವು ಬೆಣ್ಣೆಯಾಗಿ ತಿರುಗಿತೆಂದು ನಂಬಿ ಅದನ್ನು ಮುದುಕಿಯರು ಅಂಗೈಯಲ್ಲಿ ಈಸಿಕೊಂಡು, ಕಣ್ಣಿಗೊತ್ತಿ, ಮೊಮ್ಮಕ್ಕಳ ನೆತ್ತಿಗೆ ಸವರುತ್ತಿರುತ್ತಾರೆ.