ಉತ್ತರ ರಷ್ಯಾದ ಸೇನಾವಶೇಷಗಳು: ಗುರುತಿಸುವಿಕೆಯ ತೊಡಕುಗಳು

1918ರ ಆಗಸ್ಟ್ 2ರಂದು ಮಿತ್ರರಾಷ್ಟ್ರಗಳ ಪಡೆಗಳು ಅರ್ಖಾಂಗೆಲ್ಸ್ಕ್ ಬಂದರಿನಲ್ಲಿ ಇಳಿದವು. ಸೆಪ್ಟೆಂಬರಿನಲ್ಲಿ ಅವನ್ನು ಕೂಡಿಕೊಂಡ ಅಮೆರಿಕದ 339ನೆಯ ಪದಾತಿ ರೆಜಿಮೆಂಟಿನಲ್ಲಿ ಹೆಚ್ಚಿನವರು ಮಿಷಿಗನ್ ರಾಜ್ಯದವರು. ಆ ಮನೆತನಗಳಲ್ಲಿ ಉಳಿದ ಬಂದೂಕು, ಬೂಟು, ಛಾಯಾಚಿತ್ರಗಳೊಡನೆ ಐತಿಹ್ಯಗಳೂ ಹರಿದುಬಂದಿವೆ. ಐತಿಹ್ಯವನ್ನೇ ಪ್ರಮಾಣವೆಂದು ಸ್ವೀಕರಿಸಿದಲ್ಲಿ ಅಧ್ಯಯನಕಾರನು ದಾರಿತಪ್ಪುವನು.

ಮೊಸಿನ್-ನಗಾಂತ್ ಬಂದೂಕನ್ನೇ ನೋಡಬಹುದು. ರೆಮಿಂಗ್ಟನ್ ಅಥವಾ ನ್ಯೂ ಇಂಗ್ಲೆಂಡ್ ವೆಸ್ಟಿಂಗ್‌ಹೌಸ್ ಮುದ್ರೆಯಿದ್ದ ಮಾತ್ರಕ್ಕೆ ಅದು ಅಮೆರಿಕನ್ ಯೋಧನದೆನ್ನಲಾಗದು. ಈ ಕಾರ್ಖಾನೆಗಳು ಅವನ್ನು ತಯಾರಿಸಿದ್ದು ಝಾರ್ ಸರ್ಕಾರದ ಬೇಡಿಕೆಯ ಮೇರೆಗೆ. ರಷ್ಯಾ ತಲುಪಿದವು ಕೆಂಪು ಸೇನೆಯ ಕೈಗೂ ಸೇರಿದವು. ತಲುಪದೆ ಉಳಿದವುಗಳಲ್ಲಿ ಕೆಲವು 339ನೆಯ ರೆಜಿಮೆಂಟಿಗೆ ದೊರೆತವು. ಹೀಗೆ ಒಂದೇ ಮುದ್ರೆ ಕದನದ ಎರಡೂ ಬದಿಯಲ್ಲಿತ್ತು.

ಛಾಯಾಚಿತ್ರಗಳ ಹಿಮ, ದಿಮ್ಮಿಯ ಮನೆ, ತುಪ್ಪಳದ ಟೋಪಿಗಳು ಸೈಬೀರಿಯಕ್ಕೂ ಸಲ್ಲುತ್ತವೆ. ಇಲ್ಲಿ ಮುಖಕ್ಕಿಂತ ಕಾಲನ್ನು ನೋಡುವುದು ಲೇಸು. ಬ್ರಿಟಿಷರು ವಿತರಿಸಿದ ಶ್ಯಾಕಲ್ಟನ್ ಬೂಟು (ಜಾರುತ್ತಿದ್ದುದರಿಂದ ಸೈನಿಕರಿಗೆ ಅಪ್ರಿಯವಾಗಿದ್ದವು) ಕಂಡರೆ ಉತ್ತರ ರಂಗವೆನ್ನಲು ಆಧಾರ ದೊರೆಯುತ್ತದೆ. 1918ರಲ್ಲಿ ಟ್ರಾನ್ಸ್‌ಕ್ಯಾಸ್ಪಿಯದಲ್ಲಿ ಹೋರಾಡಿದ ಭಾರತೀಯ ಸೇನೆಯ 19ನೆಯ ಪಂಜಾಬಿಗಳ ವಿಚಾರದಲ್ಲಿ ಈ ನೆರವೂ ಇಲ್ಲ. ಮರಳುಗಾಡಿನ ಚಿತ್ರವನ್ನು ಮೆಸೊಪೊಟೇಮಿಯದ್ದೆಂದು ಭ್ರಮಿಸುವುದು ಸುಲಭ. ಹಿನ್ನೆಲೆಯಲ್ಲಿ ರಷ್ಯನ್ ಬರಹದ ರೈಲುನಿಲ್ದಾಣದ ಫಲಕವಾದರೂ ಕಾಣಬೇಕು.