ಓಶಿವಾರಾದ ಗೋದಾಮುಗಳಲ್ಲಿ

ಚರ್ಚ್‌ಗೇಟಿನಿಂದ ಹೊರಟ ಲೋಕಲ್ ಗಾಡಿ ಜೋಗೇಶ್ವರಿಯನ್ನು ದಾಟಿ ಗೋರೆಗಾಂವ್ ತಲುಪುವ ಮುನ್ನ, 2016ರ ಡಿಸೆಂಬರಿನಲ್ಲಿ ತೆರೆದ ರಾಮಮಂದಿರವೆಂಬ ನಿಲ್ದಾಣದಲ್ಲಿಳಿದು ಪಡುವಣಕ್ಕೆ ನಡೆದರೆ, ಹಿಂದೆ ಘೋಡಬಂದರ್ ರಸ್ತೆಯೆನಿಸಿಕೊಂಡಿದ್ದು ಈಗ ಸ್ವಾಮಿ ವಿವೇಕಾನಂದರ ಹೆಸರನ್ನು ಹೊತ್ತಿರುವ ಮುಖ್ಯರಸ್ತೆ ಎದುರಾಗುತ್ತದೆ. ಆ ದಾರಿಯನ್ನೂ ಅದರಿಂದ ಒಳಸರಿದ ಗಲ್ಲಿಗಳನ್ನೂ ಹಿಡಿದು, ತಗಡಿನ ಮಾಡಿನ ಕೆಳಗೆ ಹಾಡುಹಗಲಿನಲ್ಲಿಯೂ ದೀಪ ಉರಿಸಿಕೊಂಡು ಕುಳಿತ ಹಳೆಯ ಮರಸಾಮಾನಿನ ಗೋದಾಮುಗಳ ಸಮೂಹವೇ ಓಶಿವಾರಾದ ಪೇಟೆ. ಮಂಚದ ಮೇಲೆ ಮೇಜು, ಮೇಜಿನ ಮೇಲೆ ತಲೆಕೆಳಗಾದ ಕುರ್ಚಿ, ಅದರ ಕಾಲುಗಳ ನಡುವೆ ಕಂಚಿನ ಗಂಟೆ, ಹೀಗೆ ಮಾಡನ್ನು ಮುಟ್ಟುವವರೆಗೆ ಒಟ್ಟಿದ ಸಾಮಾನುಗಳ ನಡುವೆ ಒಬ್ಬರು ಅಡ್ಡಲಾಗಿ ನಡೆಯುವಷ್ಟೇ ಹಾದಿ. ಅರಗಿನ ಪಾಲಿಶಿನ ಮತ್ತು ಹಳೆಯ ತೇಗದ ಪರಿಮಳವು ಬಾಗಿಲಲ್ಲಿಯೇ ಮೂಗಿಗೆ ತಾಗುವುದು.

ಹಳೆಯದನ್ನು ಮಾರುವ ಪೇಟೆಗೆ ಲೋಕದ ಜನರು ಒಂದಿಷ್ಟು ತಾತ್ಸಾರವನ್ನು ಬೆರೆಸಿಯೇ ಹೆಸರಿಟ್ಟಿದ್ದಾರೆ. ಪ್ಯಾರಿಸ್ಸಿನ ಹೊರವಲಯದ ಅಂಥದೊಂದು ಪೇಟೆಯನ್ನು ಫ್ರೆಂಚರು ಚಿಗಟಗಳ ಸಂತೆಯೆಂದರು. ಇಂಗ್ಲಿಷಿನ ಫ್ಲೀ ಮಾರ್ಕೆಟ್ ಎಂಬ ಮಾತು ಅದರ ಅನುವಾದ. ದಕ್ಷಿಣ ಮುಂಬಯಿಯ ಮಟನ್ ಸ್ಟ್ರೀಟಿನ ಪೇಟೆಗೆ ಚೋರ್ ಬಜಾರ್ ಎಂಬ ಅಪಕೀರ್ತಿ ನಿಂತುಹೋಯಿತು. ಗದ್ದಲದ ಪೇಟೆಯೆಂಬ ಅರ್ಥದ ಶೋರ್ ಬಜಾರವೇ ಬಾಯಿಂದ ಬಾಯಿಗೆ ಹೀಗೆ ಕೆಟ್ಟಿತೆಂದು ಅಲ್ಲಿಯವರು ಹೇಳುವರು. ಅಹಮದಾಬಾದಿನಲ್ಲಿ ಸಾಬರಮತಿಯ ದಡದಲ್ಲಿ ಭಾನುವಾರ ನೆರೆಯುವ ಸಂತೆಗೆ ಇಂದಿಗೂ ಗುಜರಿ ಬಜಾರವೆಂಬ ಹೆಸರಿದೆ. ಅಲ್ಲಿ ಸಂತೆಯ ಹೆಸರಾಗಿರುವ ಆ ಶಬ್ದವು ನಮ್ಮ ಬಾಯಲ್ಲಿ ಬೆಲೆಯಿಲ್ಲದ ಸಾಮಾನಿನ ಹೆಸರಾಗಿದೆ. ಈ ತಾತ್ಸಾರವು ಅನ್ಯಾಯದ್ದೆಂದು ನನ್ನ ದೃಢವಾದ ನಂಬಿಕೆ. ಅರಸರ ಸಿಂಹಾಸನಗಳಿಗೆ ವಸ್ತುಸಂಗ್ರಹಾಲಯಗಳುಂಟು. ಗುಮಾಸ್ತನು ಕುಳಿತು ಲೆಕ್ಕ ಬರೆದ ಮೇಜಿಗೆ, ಹೋಟೆಲಿನ ಮಾಣಿ ದಿನಕ್ಕೆ ನೂರು ಬಾರಿ ಒರೆಸಿದ ಹಲಗೆಗೆ, ಈ ಗೋದಾಮುಗಳಲ್ಲದೆ ಬೇರೆ ಆಶ್ರಯವಿಲ್ಲ.

ಮುಂಬಯಿಯ ಮರಸಾಮಾನಿನ ಚರಿತ್ರೆಯನ್ನು ಬರೆಯಹೊರಟವನು ಮೊದಲು ಕಾಳಿ ಮತ್ತು ಶರಾವತಿಯ ಕಣಿವೆಗಳಿಗೆ ಹೋಗಬೇಕು. ವಾಡಿಯಾ ಮನೆತನದ ಪಾರಸಿ ಶಿಲ್ಪಿಗಳು ಮುಂಬಯಿಯ ಹಡಗುಕಟ್ಟೆಯಲ್ಲಿ ನಿರ್ಮಿಸಿದ ನೌಕೆಗಳಿಗೆ ತೇಗವು ಪಶ್ಚಿಮ ಘಟ್ಟದ ಕಾಡುಗಳಿಂದಲೇ ಬರುತ್ತಿತ್ತು. ಹಾಗೆ 1817ರಲ್ಲಿ ನೀರಿಗಿಳಿದ ಟ್ರಿಂಕೋಮಲಿ ಎಂಬ ಯುದ್ಧನೌಕೆಯು ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ಇಂದಿಗೂ ತೇಲುತ್ತಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲರು ಬ್ಲ್ಯಾಕ್‌ವುಡ್ ಎಂದ, ಮುಂಬಯಿಯ ಬಡಗಿಗಳು ಶೀಸಂ ಎಂದ, ನಾವು ಬೀಟೆಯೆನ್ನುವ ಮರದ ಕಾಲ ಬಂದಿತು. ಇಂದು ನಗೀನದಾಸ ಮಾಸ್ಟರ್ ರಸ್ತೆಯೆನಿಸುವ ಅಂದಿನ ಮೆಡೋಸ್ ಸ್ಟ್ರೀಟಿನ ಅಂಗಡಿಗಳಲ್ಲಿ ಬಳ್ಳಿ, ಎಲೆ, ಪಕ್ಷಿ, ಸಿಂಹಮುಖಗಳನ್ನು ಜಾಲಂದ್ರದಂತೆ ಕೊರೆದ ಆಸನಗಳೂ ಮೇಜುಗಳೂ ತಯಾರಾಗಿ, ಗೌರ್ನರರ ಬಂಗಲೆಗಳನ್ನೂ ಪಾರಸಿ ಶೆಟ್ಟರ ದಿವಾನಖಾನೆಗಳನ್ನೂ ಸೇರಿದುವು. ಮಲಬಾರದ ಜೊತೆಗೆ ಕನ್ನಡ ಜಿಲ್ಲೆಯ ಕಾಡುಗಳೂ ಈ ಉದ್ಯಮಕ್ಕೆ ಮರ ಒದಗಿಸಿದುವು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ ಮೇಲೆ, ಕಾಡು ಮತ್ತು ಕೊಳ್ಳುವ ನಗರ ಎರಡೂ ಒಂದೇ ಆಡಳಿತದ ಕೆಳಗೆ ಬಂದುವು. ಓಶಿವಾರಾದಲ್ಲಿ ಧೂಳು ಹಿಡಿದು ನಿಂತ ಕಪ್ಪುಮರದ ಕುರ್ಚಿಯ ತೋಳನ್ನು ಸವರುವಾಗ, ನಮ್ಮ ಘಟ್ಟದ ಮರವನ್ನೇ ಮುಟ್ಟುತ್ತಿರಬಹುದೆಂಬ ಭಾವನೆಯಿಂದ ನನ್ನ ಕೈ ಒಂದು ಕ್ಷಣ ತಡೆಯುವುದುಂಟು.

ದಕ್ಷಿಣ ಮುಂಬಯಿಯ ದಿವಾನಖಾನೆಗಳಿಂದ ಈ ಸಾಮಾನು ಉಪನಗರದ ತಗಡಿನ ಮಾಡಿಗೆ ಬಂದುದಕ್ಕೆ ಕಾರಣ ಮನೆಗಳು ಕಿರಿದಾದುದು. ಅಮೆರಿಕದ ಅಂತರ್ಯುದ್ಧದ 1861ರಿಂದ 1865ರವರೆಗಿನ ವರ್ಷಗಳಲ್ಲಿ ಹತ್ತಿಯ ವ್ಯಾಪಾರದಿಂದ ಹೊನ್ನಿನ ಮಳೆ ಸುರಿದಾಗ ಎದ್ದ ನಗರವು ಎತ್ತರದ ಮಾಡಿನ, ಉದ್ದನೆಯ ಪಡಸಾಲೆಯ ಮನೆಗಳ ನಗರವಾಗಿತ್ತು. ಅವುಗಳ ಅಳತೆಗೆ ಮಾಡಿಸಿದ ನಾಲ್ಕು ಕಂಬದ ಮಂಚವು ಎರಡು ಕೋಣೆಯ ಫ್ಲಾಟಿನ ಬಾಗಿಲಲ್ಲಿಯೇ ತೂರದು. ಹಳೆಯ ಬಂಗಲೆಗಳು ಉರುಳಿ ಬಹುಮಹಡಿಯ ಕಟ್ಟಡಗಳೆದ್ದಂತೆ, ಮಕ್ಕಳು ಪರದೇಶಗಳಿಗೆ ನಡೆದಂತೆ, ಮಂಚವನ್ನು ಬಿಚ್ಚಿ ಹಳೆಯ ಸಾಮಾನಿನವರಿಗೆ ಕೊಡುವುದು ಮುಂಬಯಿಯ ವಾಡಿಕೆಯಾಯಿತು. ಕೊಳ್ಳುವವರೂ ಈ ಕಡೆಯಲ್ಲಿಯೇ ದೊರೆತರು. ಗೋರೆಗಾಂವಿನಲ್ಲಿ 1943ರಲ್ಲಿ ಶಶಧರ ಮುಖರ್ಜಿ, ಅಶೋಕ ಕುಮಾರ್ ಮೊದಲಾದವರು ಬಾಂಬೆ ಟಾಕೀಸನ್ನು ಬಿಟ್ಟುಬಂದು ಫಿಲ್ಮಿಸ್ತಾನ್ ಸ್ಟುಡಿಯೋವನ್ನು ಕಟ್ಟಿದ್ದರು; 1977ರಲ್ಲಿ ಆರೆಯ ಗುಡ್ಡಗಳ ಮಗ್ಗುಲಲ್ಲಿ ಸರಕಾರದ ಚಿತ್ರನಗರಿಯೂ ಎದ್ದಿತು. ಚಲನಚಿತ್ರದ ಜಮೀನ್ದಾರನ ಮನೆಗೂ ನ್ಯಾಯಾಲಯದ ಕಟಕಟೆಗೂ ಬೇಕಾದ ಪೀಠೋಪಕರಣಗಳನ್ನು ದಿನದ ಬಾಡಿಗೆಗೆ ಒದಗಿಸುವುದು ಈ ಪೇಟೆಯ ಜೀವನೋಪಾಯಗಳಲ್ಲೊಂದು. ತನ್ನ ಮನೆಯನ್ನು ಕಳೆದುಕೊಂಡ ಕುರ್ಚಿಯೊಂದು ಹತ್ತಾರು ಚಿತ್ರಗಳಲ್ಲಿ ಹತ್ತಾರು ಮನೆಗಳ ಕುರ್ಚಿಯಾಗಿ ನಟಿಸಿ ಮರಳಿ ಇಲ್ಲಿಗೇ ಬರುತ್ತದೆ.

ಈ ಪೇಟೆಯಲ್ಲಿ ನನಗೆ ಅತ್ಯಂತ ಪ್ರಿಯವಾದುದು ಕೆತ್ತನೆಯೇ ಇಲ್ಲದ ಒಂದು ಬಗೆಯ ಕುರ್ಚಿ. ಬೀಚ್ ಮರದ ಸಪೂರವಾದ ಕೋಲನ್ನು ಆವಿಯಲ್ಲಿ ಮೆತ್ತಗಾಗಿಸಿ ಬಿಲ್ಲಿನಂತೆ ಬಗ್ಗಿಸಿ ಬೆನ್ನೊರಗನ್ನೂ ಹಿಂಗಾಲುಗಳನ್ನೂ ಒಂದೇ ತುಂಡಿನಲ್ಲಿ ಮಾಡುವ ವಿದ್ಯೆಯನ್ನು ಸಿದ್ಧಿಗೊಳಿಸಿದವನು ವಿಯೆನ್ನಾದ ಮೈಕೇಲ್ ಥೋನೆಟ್. 1859ರ ಅವನ ಹದಿನಾಲ್ಕನೆಯ ಸಂಖ್ಯೆಯ ಕುರ್ಚಿಗೆ ಬೇಕಾಗಿದ್ದುದು ಮರದ 6 ತುಂಡು, 10 ತಿರುಪುಮೊಳೆ, 2 ನಟ್ಟು, ಅಷ್ಟೇ. ಬಿಚ್ಚಿದ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಅಡಕವಾಗುತ್ತಿದ್ದುದರಿಂದ ಅವು ಹಡಗೇರಿ ಲೋಕವನ್ನೆಲ್ಲ ಸುತ್ತಿದುವು. ಆ ಮಾದರಿಯ ಕುರ್ಚಿಗಳೇ ಅಮೃತಶಿಲೆಯ ಹಲಗೆಯ ಮೇಜಿನೊಡನೆ ಮುಂಬಯಿಯ ಇರಾನಿ ಹೋಟೆಲುಗಳ ಲಕ್ಷಣವಾದುವು. ನಾನು ಕಂಡ ಕುರ್ಚಿಯೊಂದರ ಕೆಳಮಗ್ಗುಲನ್ನು ಅಂಗಡಿಯ ವೃದ್ಧರು ಬೆಳಕಿಗೆ ಹಿಡಿದು ತೋರಿಸಿದರು. ಮುಂಗಾಲುಗಳ ತುದಿಯು ಒಳಬದಿಗೆ ಓರೆಯಾಗಿ ಸವೆದಿತ್ತು. ಹಿಂಗಾಲಿನ ಬಳೆಯನ್ನು ತೆಂಗಿನ ನಾರಿನ ಹುರಿಯಿಂದ ಬಿಗಿದು ಮೇಲೆ ಬಣ್ಣ ಬಳಿದಿದ್ದರು. ಬೆತ್ತದ ಹೆಣಿಗೆ ಹರಿದುಹೋದ ಮೇಲೆ ಯಾರೋ ಹಲಗೆ ಹೊಡೆದು, ಆ ಹಲಗೆಯೂ ಕುಳಿತವರ ಭಾರಕ್ಕೆ ನಡುವೆ ತಗ್ಗಿತ್ತು. ಎಂದೋ ಅಲ್ಲಿ ಚಹಾ ಕುಡಿದವರ ಗಡಿಬಿಡಿಯೆಲ್ಲ ಆ ತಗ್ಗಿನಲ್ಲಿತ್ತು.

ಇರಾನಿಗಳ ಬೆನ್ನಿಗೇ ನಮ್ಮವರ ಹೋಟೆಲುಗಳೂ ನೆನಪಾಗದಿರವು. ಉಡುಪಿಯ ಕಡೆಯಿಂದ ಬಂದು ಮಾಣಿಯಾಗಿ, ಭಟ್ಟರಾಗಿ, ಕೊನೆಗೆ ಧಣಿಗಳಾದವರು ಈ ನಗರಕ್ಕೆ ಇಡ್ಲಿ ಸಾಂಬಾರನ್ನು ಕಲಿಸಿದರು. ಮಾಟುಂಗಾದಲ್ಲಿ 1942ರಲ್ಲಿ ರಾಮ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಬಾಳೆಯೆಲೆಯ ಊಟವನ್ನು ತಿಳಿಯದ ಮುಂಬಯಿ ಕನ್ನಡಿಗನಿಲ್ಲ. ಆದರೆ ಬಾಗಿಲು ಮುಚ್ಚಿದ ಹೋಟೆಲುಗಳ ಗಲ್ಲಾಪೆಟ್ಟಿಗೆ, ತಟ್ಟೆ ಲೋಟಗಳ ಕಪಾಟು, ದರಪಟ್ಟಿಯ ಕಪ್ಪುಹಲಗೆಗಳನ್ನು ನಮ್ಮಲ್ಲಿ ಯಾರಾದರೂ ಕೂಡಿಟ್ಟಿದ್ದಾರೆಯೇ?

ಕೊಳ್ಳಬಂದವರಿಗೆ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಇಲ್ಲಿ ಪ್ರಾಚೀನವಾಗಿ ಕಾಣುವುದೆಲ್ಲ ಪ್ರಾಚೀನವಲ್ಲ. ಕೆಡವಿದ ಮನೆಗಳ ತೊಲೆಗಳನ್ನು ಸೀಳಿ ಹೊಸದಾಗಿ ಮಾಡಿದ ಮೇಜುಗಳುಂಟು. ಅದು ವಂಚನೆಯಲ್ಲ, ಕೇಳಿದರೆ ಹೇಳುವವರೇ ಹೆಚ್ಚು. ಕೇಳಲು ಸಂಕೋಚಪಡುವವನು ಸೆಳೆಖಾನೆಯನ್ನು ಹೊರಗೆಳೆದು ಮೂಲೆಗಳನ್ನು ನೋಡಬೇಕು: ಕೈಯಿಂದ ಕತ್ತರಿಸಿ ಹಲ್ಲಿಗೆ ಹಲ್ಲು ಕಚ್ಚಿಸಿದ ಜೋಡಣೆಯಲ್ಲಿ ಯಾವ ಎರಡು ಹಲ್ಲುಗಳೂ ಒಂದೇ ಅಳತೆಯವಾಗಿರವು. ನೂರು ವರ್ಷ ಮೀರಿದ ಕಲಾವಸ್ತುಗಳನ್ನು 1972ರ ಪ್ರಾಚ್ಯವಸ್ತು ಕಾನೂನಿನ ಪ್ರಕಾರ ಖಾಸಗಿಯವರು ಪರದೇಶಕ್ಕೆ ಸಾಗಿಸುವಂತಿಲ್ಲವೆಂಬುದನ್ನೂ ತಿಳಿದಿರಬೇಕು.

ಮರದ ಶತ್ರುಗಳಾದ ನೀರು ಮತ್ತು ಬೆಂಕಿಗಳೆರಡೂ ಈ ಪೇಟೆಯನ್ನು ಬಲ್ಲವು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ, ಆರೆಯ ಕಡೆಯಿಂದ ಹರಿದು ಮಲಾಡಿನ ಖಾರಿಯನ್ನು ಸೇರುವ ಓಶಿವಾರಾ ನದಿಯು ಉಕ್ಕಿ ದಡದ ಬಡಾವಣೆಗಳಿಗೆ ನುಗ್ಗಿತು. 2025ರ ಫೆಬ್ರವರಿಯ ಬೆಂಕಿಯಲ್ಲಿ ಹಲವು ಅಂಗಡಿಗಳು ಬೂದಿಯಾದುವು. ಸುಟ್ಟ ಸಾಮಾನಿನ ಬೆಲೆಯನ್ನು ಲೆಕ್ಕ ಹಾಕಬಹುದು. ಅದರೊಡನೆ ಹೋದ ಗುರುತುಗಳನ್ನು ಲೆಕ್ಕ ಹಾಕುವವರಾರು?

ಕಳೆದ ಮಳೆಗಾಲದಲ್ಲಿ ಅಂಥ ಗುರುತೊಂದು ನನ್ನ ಕೈಗೆ ಬಂದಿತು. ಗೋದಾಮಿನ ಮೂಲೆಯಲ್ಲಿ ವಾಲ್ವು ರೇಡಿಯೋಗಳ ಕೆಳಗೆ, ಹಸಿರು ಬಣ್ಣ ಚಕ್ಕೆಚಕ್ಕೆಯಾಗಿ ಎದ್ದ ತಗಡಿನ ಟ್ರಂಕೊಂದಿತ್ತು. ಮುಚ್ಚಳವನ್ನು ಒರೆಸಿದ ವೃದ್ಧರು, “ಇದು ತೆಲುಗೋ ಮದ್ರಾಸಿಯೋ, ನೋಡಿ ಹೇಳಿ ಭಾಯಿ” ಎಂದರು. ಬಿಳಿಯ ಬಣ್ಣದ ಅಕ್ಷರಗಳು ಕನ್ನಡದವು. ಹೆಸರಿನಲ್ಲಿ ಉಳಿದಿದ್ದುದು ಮೊದಲ ಅಕ್ಷರವೊಂದೇ, ಅದರ ಕೆಳಗೆ “ಕುಂದಾಪುರ, ದ.ಕ.” ಎಂದು ಸ್ಪಷ್ಟವಾಗಿತ್ತು. ಕುಂದಾಪುರವು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಉಡುಪಿ ಜಿಲ್ಲೆಗೆ ಸೇರಿದುದು 1997ರಲ್ಲಾದುದರಿಂದ ಬರವಣಿಗೆ ಅದಕ್ಕಿಂತ ಹಿಂದಿನದು. ತುಕ್ಕನ್ನೂ ಬೀಗದ ಕೊಂಡಿಯ ಸವೆತವನ್ನೂ ನೋಡಿದರೆ ಇನ್ನೂ ಬಹಳ ಹಿಂದಿನದು. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗುವ ಮೊದಲು ಆ ಕರಾವಳಿಯ ಹುಡುಗರು ಮುಂಬಯಿಗೆ ಬಂದುದು ಆಗಬೋಟಿನಲ್ಲಿ, ಆಮೇಲೆ ಬಸ್ಸಿನಲ್ಲಿ, ಇಂಥ ಟ್ರಂಕನ್ನು ಹೊತ್ತು. ಹಗಲು ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರು ಅವರು. 1902ರಲ್ಲಿಯೇ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನೂ, 1926ರಲ್ಲಿ ಮೈಸೂರು ಅಸೋಸಿಯೇಷನ್ನನ್ನೂ ಈ ನಗರದಲ್ಲಿ ಕಟ್ಟಿದವರು ನಮ್ಮವರು. ಸಂಸ್ಥೆಗಳ ಚರಿತ್ರೆ ಸ್ಮರಣಸಂಚಿಕೆಗಳಲ್ಲಿದೆ. ಈ ಟ್ರಂಕಿನ ಒಡೆಯನ ಚರಿತ್ರೆಗೆ ಒಂದಕ್ಷರ ಮತ್ತು ಒಂದು ಊರಿನ ಹೆಸರು, ಇಷ್ಟೇ ಆಧಾರ.

ಕುಂದಾಪುರ ಎಷ್ಟು ದೂರವೆಂದು ವೃದ್ಧರು ಕೇಳಿದರು. ಒಂದು ರಾತ್ರಿಯ ಪ್ರಯಾಣವೆಂದೆ. ಟ್ರಂಕನ್ನು ಹಗ್ಗದಲ್ಲಿ ಬಿಗಿಸಿ ರಿಕ್ಷಾದಲ್ಲಿಟ್ಟು ಮನೆಗೆ ತಂದೆ.

ಓದುಗರಲ್ಲಿ ನನ್ನದೊಂದು ಬಿನ್ನಹವಿದೆ. ಮನೆಯ ಹಳೆಯ ಪೆಟ್ಟಿಗೆಯನ್ನೋ ಮೇಜನ್ನೋ ಗುಜರಿಗೆ ಕೊಡುವುದು ಅನಿವಾರ್ಯವಾದರೆ ಕೊಡಿರಿ. ಆದರೆ ಅದು ಯಾರದು, ಯಾವ ಊರಿನಿಂದ ಯಾವ ಇಸವಿಯಲ್ಲಿ ಬಂದಿತು, ಅದರಲ್ಲಿ ಏನಿಡುತ್ತಿದ್ದರು ಎಂಬುದನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಒಳಗೆ ಅಂಟಿಸಿ ಕಳುಹಿಸಿರಿ.