ಹಗ್ಗದ ಗಂಟು

ಚಿಕ್ಕಪ್ಪನ ಬಲಗಾಲಿಗೆ ಹಗ್ಗ ಬಿಗಿದವನು ನಾನೇ. 1986ರ ಮಳೆಗಾಲ ಮುಗಿಯುತ್ತಿದ್ದ ಸಮಯ, ನನಗೆ 14 ವರ್ಷ. ತೋಟದಲ್ಲಿ ಬಿದ್ದ ಹಾಳೆ ಹೆಕ್ಕುತ್ತಿದ್ದ ಚಿಕ್ಕಪ್ಪ ಒಮ್ಮೆಲೇ ಕೂಗಿಕೊಂಡರು. ದರಗಿನ ನಡುವೆ ದಪ್ಪ ಮೈಯ ಹಾವೊಂದು ಸರಿದುಹೋಯಿತು. ಕೊಳಕುಮಂಡಲ. ನಾನು ಕೊಟ್ಟಿಗೆಗೆ ಓಡಿ ಕರು ಕಟ್ಟುವ ಕಣ್ಣಿ ತಂದೆ. "ಗಟ್ಟಿ ಕಟ್ಟೋ ಮಾರಾಯ, ಇನ್ನೂ ಗಟ್ಟಿ" ಎಂದು ಅವರೇ ಹೇಳಿದರು. ಮೊಣಕಾಲಿನ ಕೆಳಗೆ ಎರಡು ಸುತ್ತು ಸುತ್ತಿ, ಕೋಲು ತುರುಕಿ ತಿರುವಿದೆ. ಶಾಲೆಯ ಪಾಠದಲ್ಲಿ ಹಾಗೆಯೇ ಇತ್ತು, ಅಜ್ಜಿಯೂ ಹಾಗೆಯೇ ಹೇಳುತ್ತಿದ್ದಳು. ಶಾಲೆ ಮತ್ತು ಅಜ್ಜಿ ಒಂದೇ ಮಾತು ಹೇಳುವುದು ಅಪರೂಪ. ಹಾಗಾಗಿ ನನಗೆ ಯಾವ ಅನುಮಾನವೂ ಬರಲಿಲ್ಲ.

ಮೊದಲು ನಾಟಿ ವೈದ್ಯರ ಮನೆ, ಆಮೇಲೆ ಜೀಪು ಹುಡುಕಾಟ, ಆಮೇಲೆ ಆಸ್ಪತ್ರೆ. ಹಗ್ಗ ಬಿಚ್ಚುವಾಗ ಐದು ಗಂಟೆ ಕಳೆದಿತ್ತು. ಚಿಕ್ಕಪ್ಪ ಬದುಕಿದರು. ಆದರೆ ಪಾದದ ಮಾಂಸ ಕೊಳೆತು ಎರಡು ಬೆರಳು ತೆಗೆಯಬೇಕಾಯಿತು. ಅವರು ಈಗಲೂ ಕುಂಟುತ್ತಾರೆ. ಮುಂದೆಂದೋ ವೈದ್ಯರೊಬ್ಬರು, "ವಿಷವೂ ಕೊಳೆಸುತ್ತೆ, ಹಗ್ಗವೂ ಕೊಳೆಸುತ್ತೆ. ಯಾವುದರ ಪಾಲು ಎಷ್ಟು ಅಂತ ಹೇಳೋಕಾಗಲ್ಲ" ಎಂದರು. ಆ ಮಾತು ನನ್ನನ್ನು ಬಿಡಲಿಲ್ಲ. ಈ ಹಗ್ಗವನ್ನು ನನ್ನ ಕೈಗೆ ಕೊಟ್ಟವರು ಯಾರು ಎಂದು ಹುಡುಕುತ್ತಾ ಹೋದೆ. ಈ ಬರಹ ಆ ಹುಡುಕಾಟದ ಫಲ.

ಹಾವು ಕಡಿತಕ್ಕೆ ಮದ್ದೆಂದು ಹೇಳಿಕೊಂಡು ಬಂದದ್ದನ್ನು ಪರೀಕ್ಷಿಸಿ ನೋಡಬೇಕೆಂದು ಭಾರತದಲ್ಲಿ ಮೊದಲು ಕೈಹಾಕಿದವರಲ್ಲಿ ಪ್ಯಾಟ್ರಿಕ್ ರಸೆಲ್ ಒಬ್ಬ. ಸ್ಕಾಟ್ಲೆಂಡಿನ ಈ ವೈದ್ಯ 1780ರ ದಶಕದಲ್ಲಿ ಕೋರಮಂಡಲ ತೀರದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞನಾಗಿದ್ದ. ಅಲ್ಲಿನ ಹಾವುಗಳ ಕುರಿತ ಅವನ ದೊಡ್ಡ ಪುಸ್ತಕ 1796ರಲ್ಲಿ ಬಂತು. ಆಗ ಹೆಸರಾಗಿದ್ದ ತಂಜಾವೂರಿನ ಗುಳಿಗೆಯನ್ನು ಅವನು ಪ್ರಾಣಿಗಳ ಮೇಲೆ ಪ್ರಯೋಗಿಸಿ ನೋಡಿದ. ಅದರಲ್ಲಿ ಪಾಷಾಣವಿತ್ತು. ತೆಲುಗಿನವರು 'ಕಟುಕ ರೇಕುಲ ಪೊಡ' ಎನ್ನುತ್ತಿದ್ದ ಮಂಡಲದ ಹಾವನ್ನು ಬಹಳ ಅಪಾಯಕಾರಿ ಎಂದು ಬರೆದ. ಮುಂದೆ ಆ ಹಾವಿಗೆ ವಿಜ್ಞಾನಿಗಳು ಅವನ ಹೆಸರನ್ನೇ ಇಟ್ಟರು. ಚಿಕ್ಕಪ್ಪನನ್ನು ಕಡಿದದ್ದು ಅದೇ, ರಸೆಲ್ಸ್ ವೈಪರ್, ನಮ್ಮ ಕೊಳಕುಮಂಡಲ.

ಹಗ್ಗದ ಜಾಡು ನನ್ನನ್ನು ಕರೆದೊಯ್ದದ್ದು ಜೋಸೆಫ್ ಫೇರರ್ ಬಳಿಗೆ. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕನಾಗಿದ್ದ ಫೇರರ್ 1872ರಲ್ಲಿ ಭಾರತದ ವಿಷದ ಹಾವುಗಳ ಬಗ್ಗೆ ಭಾರೀ ಗ್ರಂಥವೊಂದನ್ನು ಪ್ರಕಟಿಸಿದ. ಅದರ ಚಿತ್ರಗಳನ್ನು ಬರೆದವರು ಕಲ್ಕತ್ತೆಯ ಕಲಾಶಾಲೆಯ ಭಾರತೀಯ ವಿದ್ಯಾರ್ಥಿಗಳು. ಆ ಹಾವುಗಳು ಇಂದಿಗೂ ಪುಟದಿಂದ ಎದ್ದು ಬರುವಂತಿವೆ. ನಾಯಿ, ಕೋಳಿಗಳ ಮೇಲೆ ನೂರಾರು ಪ್ರಯೋಗ ಮಾಡಿದ ಫೇರರ್, ತನಗೆ ತಂದುಕೊಟ್ಟ ಬೇರು, ಕಲ್ಲು, ಔಷಧಿ ಯಾವುದೂ ವಿಷವನ್ನು ಇಳಿಸುವುದಿಲ್ಲ ಎಂಬ ತೀರ್ಮಾನಕ್ಕೆ ಬಂದ.

ಮದ್ದೇ ಇಲ್ಲ ಎಂದ ಮೇಲೆ ಉಳಿಯುವುದೇನು? ವಿಷ ಮೇಲೇರದಂತೆ ತಡೆಯುವುದು. ತಕ್ಷಣ ಬಿಗಿಯಾಗಿ ಕಟ್ಟಿ, ಗಾಯವನ್ನು ಕೊಯ್ದು, ಸುಡಿ ಎಂದ ಫೇರರ್. ಕಟ್ಟಲು ತಡವಾದರೆ ಹೆಚ್ಚು ಪ್ರಯೋಜನವಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಹಗ್ಗ ಕಟ್ಟುವ ರೂಢಿ ಅವನಿಗಿಂತ ಬಹಳ ಹಳೆಯದು, ನಮ್ಮ ಆಯುರ್ವೇದದಲ್ಲೂ ಇದೆ. ಅಜ್ಜಿಯ ಹಗ್ಗಕ್ಕೆ ಪ್ರಾಧ್ಯಾಪಕನ ಒಪ್ಪಿಗೆ ಸಿಕ್ಕಿತು, ಅಷ್ಟೆ. ನನ್ನ ಶಾಲೆಯ ಪಾಠಕ್ಕೂ ಅದೇ ಬೇರು ಇದ್ದಿರಬೇಕು.

1904ರ ಹೊತ್ತಿಗೆ ಲಾಡರ್ ಬ್ರಂಟನ್ ಎಂಬ ವೈದ್ಯ ಪುಟ್ಟದೊಂದು ಚೂರಿಯನ್ನು ರೂಪಿಸಿದ. ಅದರ ಟೊಳ್ಳು ಹಿಡಿಯೊಳಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳುಗಳು. ಕಟ್ಟು, ಕೊಯ್ಯಿ, ಹರಳು ತಿಕ್ಕು. ಬಾವಿಗೆ ಹಾಕುವ ಅದೇ ನೇರಳೆ ಪುಡಿ! ಗಾಜಿನ ಪಾತ್ರೆಯಲ್ಲಿ ಅದು ವಿಷವನ್ನು ಕೆಡಿಸುವುದು ನಿಜ. ಆದರೆ ಮನುಷ್ಯನ ಕಾಲು ಗಾಜಿನ ಪಾತ್ರೆಯಲ್ಲ. ಮಾಂಸದೊಳಗೆ ಇಳಿದುಹೋದ ವಿಷವನ್ನು ಹರಳು ಹಿಂಬಾಲಿಸಲಾರದು, ಸುಡುವುದು ಮಾಂಸವನ್ನೇ.

ಅಷ್ಟರಲ್ಲಿ ನಿಜವಾದ ಮದ್ದು ಬೇರೆ ಕಡೆ ಹುಟ್ಟಿತ್ತು. ಸೈಗಾನಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಫ್ರೆಂಚ್ ವೈದ್ಯ ಆಲ್ಬರ್ಟ್ ಕಾಲ್ಮೆಟ್, ಪ್ರವಾಹದ ಸಮಯದಲ್ಲಿ ಗುಡಿಸಲುಗಳಿಗೆ ನುಗ್ಗಿದ ನಾಗರಹಾವುಗಳಿಂದ ಜನ ಸತ್ತದ್ದನ್ನು ಕಂಡು ಈ ಕೆಲಸಕ್ಕಿಳಿದ. ಪ್ರಾಣಿಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ತೆಗೆಯುವುದು ಅವನ ದಾರಿ. 1894ರಲ್ಲಿ ಅದನ್ನು ಪ್ರಕಟಿಸಿದ. ತನ್ನ ಸೀರಂ ಎಲ್ಲಾ ಹಾವುಗಳಿಗೂ ನಡೆಯುತ್ತದೆ ಎಂದು ನಂಬಿದ್ದು ಅವನ ತಪ್ಪು. ಭಾರತದಲ್ಲಿ ಜಾರ್ಜ್ ಲ್ಯಾಂಬ್, ಬ್ರೆಜಿಲ್‌ನಲ್ಲಿ ವಿಟಾಲ್ ಬ್ರೆಜಿಲ್ ಅದನ್ನು ತೋರಿಸಿಕೊಟ್ಟರು. ನಾಗರಕ್ಕೆ ಮಾಡಿದ ಸೀರಂ ಕೊಳಕುಮಂಡಲದ ವಿಷಕ್ಕೆ ನಡೆಯಲಿಲ್ಲ. ಕೊನೆಗೆ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಸೇರಿಸಿ ಒಂದೇ ಔಷಧ ತಯಾರಾಯಿತು. ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಇರುವುದು ಅದೇ. ಅದಕ್ಕೆ ಬೇಕಾದ ವಿಷದ ಬಹುಪಾಲು ಬರುವುದು ಚೆನ್ನೈ ಬಳಿಯ ಇರುಳರ ಸಹಕಾರ ಸಂಘದಿಂದ. ಪಶ್ಚಿಮ ಘಟ್ಟದ ಗೂನುಮೂಗಿನ ಮಂಡಲಕ್ಕೆ ಮಾತ್ರ ಈ ಔಷಧ ನಾಟುವುದಿಲ್ಲ.

ಇಲ್ಲಿ ಹಗ್ಗದ ಕತೆ ಮುಗಿಯಬೇಕಿತ್ತು. ಮದ್ದು ಸಿಕ್ಕಿದ ಮೇಲೆ ತಡೆ ಯಾಕೆ? ಆದರೆ ಮದ್ದು ಊರಿಗೆ ಬರಲಿಲ್ಲ, ಹಗ್ಗ ಮಾತ್ರ ಊರಲ್ಲೇ ಇತ್ತು. ಜೊತೆಗೆ ಹಗ್ಗ ಕೆಲಸ ಮಾಡಿದಂತೆ ಕಾಣುತ್ತದೆ ಕೂಡ. ಕಡಿಯುವ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ. ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಕಡಿಯುತ್ತದೆ. ಕೇರೆ ಕಚ್ಚಿದವನಿಗೆ ಹಗ್ಗ ಕಟ್ಟಿದರೂ ಬದುಕುತ್ತಾನೆ, ಮಂತ್ರ ಹಾಕಿದರೂ ಬದುಕುತ್ತಾನೆ, ಸುಮ್ಮನಿದ್ದರೂ ಬದುಕುತ್ತಾನೆ. ಹೆಸರು ಮಾತ್ರ ಹಗ್ಗಕ್ಕೂ ಮಂತ್ರಕ್ಕೂ.

ಮಂಡಲದ ವಿಷ ಕಡಿದ ಜಾಗದಲ್ಲೇ ಮಾಂಸವನ್ನು ತಿನ್ನುತ್ತದೆ. ಬಿಗಿದ ಹಗ್ಗ ಅದನ್ನು ಅಲ್ಲಿಯೇ ಕೂಡಿಹಾಕುತ್ತದೆ, ಮೇಲಾಗಿ ರಕ್ತವನ್ನೂ ನಿಲ್ಲಿಸುತ್ತದೆ. ಒಮ್ಮೆಲೇ ಬಿಚ್ಚಿದರೆ ತಡೆದ ವಿಷವೆಲ್ಲ ಒಟ್ಟಿಗೆ ಮೇಲೇರಬಹುದು. ಆದ್ದರಿಂದ ಯಾರಾದರೂ ಆಗಲೇ ಕಟ್ಟಿದ್ದರೆ ದಾರಿಯಲ್ಲಿ ಬಿಚ್ಚಬಾರದು. ಆಸ್ಪತ್ರೆಯಲ್ಲಿ, ಔಷಧಿ ಸಿದ್ಧವಿಟ್ಟುಕೊಂಡೇ ಬಿಚ್ಚಬೇಕು. 1979ರಲ್ಲಿ ಆಸ್ಟ್ರೇಲಿಯಾದ ಸ್ಟ್ರುವಾನ್ ಸದರ್ಲ್ಯಾಂಡ್ ಇನ್ನೊಂದು ಬಗೆಯ ಕಟ್ಟನ್ನು ಹೇಳಿಕೊಟ್ಟ. ಇಡೀ ಕಾಲಿಗೆ ಅಗಲವಾದ ಬ್ಯಾಂಡೇಜು ಸುತ್ತಿ ಅಲುಗಾಡದಂತೆ ಮಾಡುವುದು. ನರಕ್ಕೆ ಹೊಡೆಯುವ ಅಲ್ಲಿನ ಹಾವುಗಳಿಗೆ ಅದು ಸರಿ. ಮಂಡಲಗಳಿರುವ ನಮ್ಮ ನೆಲಕ್ಕೆ ಅದನ್ನು ಹಾಗೆಯೇ ತಂದರೆ ಮತ್ತೆ ಹಗ್ಗದ ಕತೆಯೇ ಆದೀತು.

ಹಾಗಾದರೆ ಮೊದಲು ಹತ್ತಿರ ಇರುವವನು ಮಾಡಬೇಕಾದ್ದೇನು? ಕಡಿತಕ್ಕೊಳಗಾದವರನ್ನು ಓಡಿಸದೆ, ನಡೆಸದೆ, ಧೈರ್ಯ ಹೇಳಿ ಕೂರಿಸುವುದು. ಉಂಗುರ, ಕಾಲುಂಗುರ, ಬಳೆ ತೆಗೆಯುವುದು. ಮೂಳೆ ಮುರಿದಾಗ ಮಾಡುವಂತೆ ದಬ್ಬೆ ಇಟ್ಟು, ರಕ್ತ ನಿಲ್ಲದಷ್ಟು ಸಡಿಲವಾಗಿ ಬಟ್ಟೆ ಸುತ್ತುವುದು. ಕೊಯ್ಯಬಾರದು, ಹೀರಬಾರದು, ಹಾವು ಹಿಡಿಯಲು ಹೋಗಬಾರದು. 108ಕ್ಕೆ ಕರೆಯಬೇಕು, ಇಲ್ಲವೇ ಸಿಕ್ಕಿದ ಗಾಡಿ ಹತ್ತಿಸಬೇಕು. ದಾರಿಯಲ್ಲಿ ಕಂಡದ್ದನ್ನು ವೈದ್ಯರಿಗೆ ಹೇಳಬೇಕು. ರೆಪ್ಪೆ ಇಳಿಬಿದ್ದರೆ, ಒಂದು ಎರಡಾಗಿ ಕಂಡರೆ, ನುಂಗಲು ಕಷ್ಟವಾದರೆ ನಾಗರ ಅಥವಾ ಕಟ್ಟುಹಾವು ಇರಬಹುದು. ಆಗ ಉಸಿರು ನಿಲ್ಲುವುದೇ ಅಪಾಯ. ಉಸಿರು ಕೊಡುತ್ತಾ ಕರೆದೊಯ್ದರೆ ಬದುಕಬಹುದು. ಬಾವು ಏರುತ್ತಾ, ವಸಡಿನಲ್ಲಿ ರಕ್ತ ಕಂಡರೆ ಮಂಡಲ. ಸಣ್ಣ ಆಸ್ಪತ್ರೆಯಲ್ಲೂ ಒಂದು ಪರೀಕ್ಷೆ ಸಾಧ್ಯ. ಒಣಗಿದ ಶುದ್ಧ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ಓರೆ ಮಾಡಿದಾಗ ಇನ್ನೂ ಹರಿದರೆ, ವಿಷ ರಕ್ತಕ್ಕೆ ಇಳಿದಿದೆ. ಕಟ್ಟುಹಾವಿನದ್ದು ಮಾತ್ರ ಮೋಸದ ಕಡಿತ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ, ನೋವೂ ಬಾವೂ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಎಂದು ಎದ್ದವರಿಗೆ ಹಾವು ಕಡಿದಿದೆ ಎಂದು ಯಾರಿಗೆ ಹೊಳೆಯಬೇಕು?

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅಂದರೆ ವರ್ಷಕ್ಕೆ 58,000. ಬಹುತೇಕರು ಹಳ್ಳಿಯವರು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ಕಡೆಗಣಿಸಿದ ಉಷ್ಣವಲಯದ ರೋಗಗಳ ಪಟ್ಟಿಯ ಮೊದಲ ವರ್ಗಕ್ಕೆ ಸೇರಿಸಿತು. ಕರ್ನಾಟಕ 2024ರಲ್ಲಿ ಪ್ರತಿ ಕಡಿತವನ್ನೂ ಸರ್ಕಾರಕ್ಕೆ ವರದಿ ಮಾಡಬೇಕೆಂದು ಆದೇಶಿಸಿತು. ಫೇರರ್ ಸಾವುಗಳನ್ನು ಎಣಿಸಲು ಹೊರಟು ಅಷ್ಟರಲ್ಲಿ ಒಂದೂವರೆ ಶತಮಾನ ಕಳೆದಿತ್ತು.

ಕಳೆದ ಬೇಸಿಗೆಯಲ್ಲಿ ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದೆ. ಹೇಳುವಾಗ ಅವರ ಪಾದ ನೋಡಲಾಗಲಿಲ್ಲ. ಅವರು ಕವಳ ಉಗಿದು ಬಂದು, "ಹಗ್ಗ ಕಟ್ಟದೇ ಇದ್ದಿದ್ರೆ ನೀ ಎಂತ ಮಾಡ್ತಿದ್ದೆ? ಸುಮ್ನೆ ನೋಡ್ತಾ ನಿಂತ್ಕಳ್ತಿದ್ಯಾ?" ಎಂದು ಕೇಳಿದರು.

ಅದೇ ಇಡೀ ಚರಿತ್ರೆಯ ಪ್ರಶ್ನೆ ಅನ್ನಿಸಿತು. ಗುಳಿಗೆ, ಚೂರಿ, ಹರಳು, ಹಗ್ಗ ಎಲ್ಲವೂ ಸುಮ್ಮನೆ ನಿಲ್ಲಲಾಗದ ಕೈಗಳಿಗೆ ಸಿಕ್ಕ ಕೆಲಸಗಳು. ಬರೀ "ಕಟ್ಟಬೇಡ" ಎಂದರೆ ಆ ಕೈ ಕೇಳುವುದಿಲ್ಲ, ಅದಕ್ಕೆ ಬೇರೆ ಕೆಲಸ ಕೊಡಬೇಕು. "ದಬ್ಬೆ ಇಡ್ತಿದ್ದೆ ಚಿಕ್ಕಪ್ಪ" ಅಂದೆ. "ತೋಟದಲ್ಲಿ ದಬ್ಬೆ ಎಲ್ಲಿಂದ ತರ್ತಿದ್ಯೋ?"

ಆ ದಿನ ಅವರ ತೋಳ ತುಂಬ ಅಡಿಕೆ ಹಾಳೆ ಇತ್ತು. ಮೊಣಕಾಲಿನಿಂದ ಪಾದದವರೆಗೆ ಕಾಲನ್ನು ಹಿಡಿದಿಡುವಷ್ಟು ಉದ್ದ, ಗಟ್ಟಿ, ಒಳಗೆ ಮೃದು. ಅದನ್ನು ದಾಟಿಕೊಂಡೇ ನಾನು ಹಗ್ಗಕ್ಕಾಗಿ ಕೊಟ್ಟಿಗೆಗೆ ಓಡಿದ್ದೆ.